ಗುಡ್ಡದ ಯುನಿವರ್ಸಿಟಿಗೆ ಹೋದ ಪಾಲಕ ಗೂಳಪ್ಪ

ಕಾಲು ಮಡಚಿ ಕೂತುಕೊಳ್ಳಿ. ಗೋಡೆಗೆ ಒರಗಿದವರು ನಿದ್ದೆ ಹೋಗಬೇಡಿ. ನಡುನಡುವೆ ಒಬ್ಬರಾದರೂ 'ಹೂಂ' ಅನ್ನುತ್ತಿರಿ, ಇಲ್ಲದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ.

ಸಣ್ಣಕೊಪ್ಪ ಅಂತ ಒಂದು ಊರು. ಆ ಊರಲ್ಲಿ ನೀಲವ್ವ ಅಂತ ಒಬ್ಬ ತಾಯಿ. ಗಂಡ ತೀರಿಕೊಂಡು ಹನ್ನೆರಡು ವರ್ಷ. ಅಂದಿನಿಂದ ಜೋಳದ ರೊಟ್ಟಿ ಬಡಿದು, ಮಾರಿ, ಇಬ್ಬರು ಮಕ್ಕಳನ್ನು ಸಾಕಿದವಳು. ದೊಡ್ಡವನು ಗೂಳಪ್ಪ. ಇಪ್ಪತ್ತೆಂಟರ ಗಂಡು, ಆರಡಿ ಆಳು, ಬಾಗಿಲು ತುಂಬುವಂಥ ಭುಜ. ಜೋಳದ ಚೀಲ ಒಂದು ಈ ಹೆಗಲಿಗೆ, ಒಂದು ಆ ಹೆಗಲಿಗೆ ಇಟ್ಟುಕೊಂಡು ಗಿರಣಿಗೆ ಹೋಗಿ ಬರುವವನು. ಮನಸ್ಸು ಬೆಣ್ಣೆ. ತಲೆ ಮಾತ್ರ ಸ್ವಲ್ಪ ಹಂಗೇ. ಹೇಳಿದ್ದನ್ನು ಒಲ್ಲೆ ಅಂದವನೇ ಅಲ್ಲ. ಹೇಳಿದ್ದನ್ನು ಮಾಡುವನು. ಹೇಳಿದ್ದನ್ನೇ ಮಾಡುವನು. ಹೇಳಿದಷ್ಟನ್ನೇ ಮಾಡುವನು. ಕಷ್ಟ ಇದ್ದದ್ದೇ ಅಲ್ಲಿ!

ಒಂದು ದಿನ ನೀಲವ್ವ ನೀರಿಗೆ ಹೋಗುವಾಗ, "ಏ ಗೂಳ್ಯಾ, ಬೆಕ್ಕು ಬರತೈತಿ, ರೊಟ್ಟಿ ಮ್ಯಾಲೆ ಕಣ್ಣಿಡು" ಅಂದಳು. ತಿರುಗಿ ಬಂದು ನೋಡುತ್ತಾಳೆ, ಮಗ ರೊಟ್ಟಿಯ ಅಟ್ಟಿಯ ಮೇಲೆ ಮುಖ ಇಟ್ಟು ಬೋರಲು ಮಲಗಿದ್ದಾನೆ. ಎರಡು ಕಣ್ಣೂ ರೊಟ್ಟಿಯ ಮೇಲೆ. ರೆಪ್ಪೆಗೆಲ್ಲ ಹಿಟ್ಟು. ಅತ್ತ ಕಡೆಯಿಂದ ಬೆಕ್ಕು ನಿಧಾನವಾಗಿ ತಿನ್ನುತ್ತಿದೆ!

"ಎಂಥಾ ಮಗನ್ನ ಹಡದೆವ್ವಾ ನಾನು!" ಅಂತ ಹಣೆ ಹಣೆ ಬಡಿದುಕೊಂಡಳು.

"ಕಣ್ಣ ತಗದೇ ಇಲ್ಲವ್ವಾ" ಅಂದ ಗೂಳಪ್ಪ, ಹಿಟ್ಟು ಒರೆಸಿಕೊಳ್ಳುತ್ತ.

ಚಿಕ್ಕವಳು ಕಸ್ತೂರಿ. ಅಣ್ಣನಿಗೆ ಸೇರಬೇಕಾದ ಬುದ್ಧಿಯೂ ಇವಳ ಪಾಲಿಗೇ ಬಂದಿತ್ತು. ಓದಿದಳು, ಓದಿದಳು, ಸಣ್ಣಕೊಪ್ಪದ ಸಾಲೆ ಸಾಲದಾಯಿತು, ತಾಲೂಕಿನ ಕಾಲೇಜು ಸಾಲದಾಯಿತು. ಗುಡ್ಡದ ಮೇಲೊಂದು ದೊಡ್ಡ ಯುನಿವರ್ಸಿಟಿ, ಅಲ್ಲಿ ಇತಿಹಾಸದಲ್ಲಿ ಎಂ.ಎ.ಗೆ ಸೇರಿ ಹಾಸ್ಟೆಲಿನಲ್ಲಿ ಉಳಿದಳು.

ಆ ಯುನಿವರ್ಸಿಟಿಯವರಿಗೆ ಒಂದು ಯೋಚನೆ ಬಂತು. ಮಕ್ಕಳನ್ನು ಒಳಗೆ ಸೇರಿಸಿಕೊಂಡು, ಅಪ್ಪ ಅವ್ವನನ್ನು ಗೇಟಿನಿಂದಲೇ ವಾಪಸು ಕಳಿಸುತ್ತಿದ್ದೇವಲ್ಲ, ಇದು ಸರಿಯಲ್ಲ. ಪಾಲಕರೂ ಒಳಗೆ ಬರಲಿ. ನೋಡಲಿ, ಕೇಳಲಿ, ಉಣ್ಣಲಿ, ಮಾತಾಡಲಿ. ಹೀಗಂತ ಗೊತ್ತು ಮಾಡಿ, ಪಾಲಕರ ಕಚೇರಿ ಅಂತ ಒಂದು ಕೋಣೆ ತೆರೆದರು. ಆ ಕೋಣೆಗೆ ಇಟಗಿ ಮೇಡಂ ಅಂತ ಒಬ್ಬರನ್ನು ಕೂಡಿಸಿದರು. ಇಟಗಿ ಮೇಡಂ ಎಲ್ಲ ಮನೆಗಳಿಗೂ ಕಾಗದ ಹಾಕಿದರು: ಶನಿವಾರ ಪಾಲಕರ ಸಭೆ, ತಪ್ಪದೆ ಬನ್ನಿ.

ಕಾಗದ ಓದಿಸಿ ಕೇಳಿದ ನೀಲವ್ವನ ಮುಖ ಸಣ್ಣದಾಯಿತು. "ನಾ ಹೆಂಗ ಹೋಗಲಿ? ಐನೂರು ರೊಟ್ಟಿ ಬಡೀಬೇಕು. ಗೂಳ್ಯಾ, ಅಪ್ಪನ ಜಾಗಾದಾಗ ನೀನ ಪಾಲಕ. ಭಾಳ ಏನ ಮಾಡಬ್ಯಾಡ. ಸಭಾಕ್ಕ ಹೋಗಿ ಮುಖಾ ತೋರಿಸಿ ಬಾ."

"ಆತವ್ವಾ, ಹಂಗ ಮಾಡ್ತೀನಿ."

ಬಿಳಿ ಅಂಗಿ ಹಾಕಿದ. ತಲೆಗೆ ಎಣ್ಣೆ ಹಚ್ಚಿದ. ಎರಡು ಬಸ್ಸು ಹತ್ತಿದ, ಎರಡು ಬಸ್ಸು ಇಳಿದ, ಗುಡ್ಡ ಏರಿದ. ಸಭೆ ನಡೆದಿತ್ತು. ಗೂಳಪ್ಪ ಬಾಗಿಲಲ್ಲಿ ನಿಂತು ಮುಖ ಒಳಗೆ ಹಾಕಿದ. ಮುಂದಿನಿಂದ ತೋರಿಸಿದ. ಎಡಕ್ಕೆ ತಿರುಗಿ ಒಂದು ಕೆನ್ನೆ ತೋರಿಸಿದ. ಬಲಕ್ಕೆ ತಿರುಗಿ ಇನ್ನೊಂದು ಕೆನ್ನೆ ತೋರಿಸಿದ. ಮಾತಾಡುತ್ತಿದ್ದ ಇಟಗಿ ಮೇಡಂ ನಿಲ್ಲಿಸಿದರು.

"ಯಾರ್ರೀ ಅದು? ಒಳಗ ಬರ್ರಿ!"

"ಎಲ್ಲಾರಿಗೂ ಕಂಡತೇನ್ರಿ?" ಅಂದ ಗೂಳಪ್ಪ.

"ಏನ್ರಿ ಕಾಣಬೇಕು?"

"ಮುಖಾ ರೀ. ಹಿಂದ ಕುಂತವ್ರಿಗೂ ಕಂಡತೇನು?"

ಹಿಂದಿನ ಸಾಲಿನ ಒಬ್ಬ ಮುದುಕಪ್ಪ, "ಕಂಡತಪಾ, ಚಲೋ ಐತಿ" ಅಂದ.

"ಹಂಗಾರ ಬರ್ತೀನ್ರಿ" ಅಂತ ಗೂಳಪ್ಪ ಗುಡ್ಡ ಇಳಿದ, ಎರಡು ಬಸ್ಸು ಹತ್ತಿದ, ಊಟದ ಹೊತ್ತಿಗೆ ಮನೆಯಲ್ಲಿದ್ದ!

ಕಸ್ತೂರಿ ಫೋನು ಮಾಡಿ ನಡೆದದ್ದು ಹೇಳಿದಳು. ನೀಲವ್ವ ಲಟ್ಟಣಿಗೆ ತೆಗೆದುಕೊಂಡಳು, ಮತ್ತೆ ಕೆಳಗಿಟ್ಟಳು.

"ಎಂಥಾ ಮಗನ್ನ ಹಡದೆವ್ವಾ ನಾನು! ಅಲ್ಲೋ ಮಂಗ್ಯಾ, ಹೋದ ಮ್ಯಾಲೆ ಕುಂದರಬೇಕು. ಯಾರರ ಮಾತಾಡಿಸಿದ್ರ ನಾಕು ಮಾತು ಆಡಬೇಕು!"

"ನಾಕು ಮಾತು?"

"ಹೂಂ! ನಾಕು ಮಾತು!"

"ಆತವ್ವಾ, ಹಂಗ ಮಾಡ್ತೀನಿ."

ಎರಡು ತಿಂಗಳಿಗೆ ಇನ್ನೊಂದು ಕಾಗದ ಬಂತು. ಒಬ್ಬೊಬ್ಬ ಪಾಲಕರೂ ಬಂದು, ಮಕ್ಕಳಿಗೆ ಪಾಠ ಹೇಳುವವರನ್ನು ಕಂಡು ಮಾತಾಡಬೇಕಂತೆ. ಗೂಳಪ್ಪ ಎರಡು ಬಸ್ಸು ಹತ್ತಿದ, ಎರಡು ಬಸ್ಸು ಇಳಿದ, ಗುಡ್ಡ ಏರಿದ. ಕಸ್ತೂರಿಯ ಗುರುಗಳು ಮುಂಡರಗಿ ಸರ್. ದೊಡ್ಡ ಮೇಜು, ಮೇಜಿನ ತುಂಬ ಪುಸ್ತಕ. ಗೂಳಪ್ಪ ಹೋದವನೇ ಕುರ್ಚಿ ಎಳೆದು ಕೂತ. ಈ ಸಲ ಕೂಡುವುದನ್ನು ಮರೆಯಲಿಲ್ಲ ನೋಡಿ! ಬಲಗೈಯ ನಾಲ್ಕು ಬೆರಳು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

"ನಮಸ್ಕಾರ್ರಿ" ಅಂದ. ಒಂದು ಬೆರಳು ಮಡಚಿದ.

"ನಮಸ್ಕಾರ. ನೀವು ಕಸ್ತೂರಿ ಅಣ್ಣ ಅಲ್ಲೇನು?"

"ಹೌದ್ರಿ." ಎರಡನೆಯದು ಮಡಚಿದ.

"ಚಹಾ ಕುಡೀತೀರಿಲ್ಲೋ?"

"ಕುಡೀತೀನ್ರಿ." ಮೂರನೆಯದು.

ಚಹಾ ಬಂತು. "ಸಕ್ಕರಿ ಸಾಕೇನ್ರಿ?" ಅಂತ ಸರ್ ಕೇಳಿದರು.

"ಸಾಕ್ರಿ" ಅಂದ ಗೂಳಪ್ಪ. ನಾಲ್ಕನೆಯ ಬೆರಳೂ ಮಡಚಿ ಹೋಯಿತು. ಮುಷ್ಟಿ ಮುಚ್ಚಿತು!

ಆಗ ಮುಂಡರಗಿ ಸರ್ ಕನ್ನಡಕ ತೆಗೆದು, ಮುಂದಕ್ಕೆ ಬಾಗಿ, ಮೆಲ್ಲಗೆ ಅಂದರು, "ನೋಡ್ರಿ, ನಿಮ್ಮ ತಂಗಿ ಭಾಳ ಶಾಣ್ಯಾಕಿ. ಎಂ.ಎ. ಮುಗದ ಮ್ಯಾಲೆ ಪಿಎಚ್.ಡಿ. ಮಾಡಬೇಕು ಅಂತ ನನಗನಸತೈತಿ. ಮನ್ಯಾಗ ನೀವು ಓದಸ್ತೀರೋ, ಇಲ್ಲಾ ಲಗ್ನಾ ಮಾಡಿ ಕಳಸ್ತೀರೋ?"

ಗೂಳಪ್ಪನ ಎದೆ ಹಿಗ್ಗಿತು. ಓದಸ್ತೀವಿ ಸರ, ಯಾಕ ಓದಸಂಗಿಲ್ಲ, ಅಕಿ ಓದಲಿ ಅಂತನ ಅವ್ವ ದಿನಾ ರೊಟ್ಟಿ ಬಡೀತಾಳ ಅನ್ನಬೇಕು ಅನಿಸಿತು. ಬಾಯಿ ತನಕ ಬಂತು. ಆದರೆ ಬೆರಳು ಎಲ್ಲಿವೆ? ತನ್ನ ಮುಷ್ಟಿ ನೋಡಿದ. ಸರ್ ಮುಖ ನೋಡಿದ. ಮತ್ತೆ ಮುಷ್ಟಿ ನೋಡಿದ. ಕಣ್ಣಲ್ಲಿ ನೀರೇ ಬಂತು, ಮಾತು ಬರಲಿಲ್ಲ.

ಸರ್ ನಿಟ್ಟುಸಿರು ಬಿಟ್ಟರು. ಗೂಳಪ್ಪ ಹೋದ ಮೇಲೆ ಕಸ್ತೂರಿಯನ್ನು ಕರೆದು, "ನಿಮ್ಮ ಮನಿಯವ್ರಿಗೆ ಮುಂದ ಓದಸೂ ಮನಸ್ಸಿಲ್ಲವಾ. ನಿಮ್ಮ ಅಣ್ಣ ಮುಷ್ಟಿ ಬಿಗಿ ಹಿಡದು ಕುಂತಬಿಟ್ಟ" ಅಂದರು. ಆ ಹುಡುಗಿ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ಮನೆಗೆ ಬಂದ ಗೂಳಪ್ಪ ಬೆರಳು ಮಡಚಿ ಮಡಚಿ ನಾಲ್ಕು ಮಾತಿನ ಲೆಕ್ಕ ಒಪ್ಪಿಸಿದ. ನೀಲವ್ವ ಒಲೆ ಮುಂದಿನಿಂದ ಎದ್ದೇ ಬಂದಳು. "ಎಂಥಾ ಮಗನ್ನ ಹಡದೆವ್ವಾ ನಾನು! ಸಕ್ಕರಿಗೆ ಒಂದು ಮಾತು ಹಾಕಿ, ತಂಗಿ ಬಾಳೇಕ್ಕ ಒಂದು ಮಾತು ಉಳಸಲಿಲ್ಲಲ್ಲೋ! ಅಣ್ಣ ಆದವನು ತಂಗಿ ಬೆನ್ನಿಗೆ ನಿಂದರಬೇಕಾಗಿತ್ತು. ಇನ್ನ ಮ್ಯಾಲರ ನಿಲ್ಲು! ಯಾರ ಏನರ ಅನ್ನಲಿ, ಅಕಿ ಬೆನ್ನಿಗೆ ನಿಲ್ಲು!"

"ಬೆನ್ನಿಗೆ?"

"ಬೆನ್ನಿಗೆ!"

"ಆತವ್ವಾ, ಹಂಗ ಮಾಡ್ತೀನಿ."

ಮುಂದಿನ ಕಾಗದದಲ್ಲಿ ಬೇರೆಯೇ ಇತ್ತು. ಪಾಲಕರು ಒಂದು ದಿನ ಪೂರ್ತಿ ಯುನಿವರ್ಸಿಟಿಯಲ್ಲಿ ಕಳೆಯಬೇಕು. ಮಕ್ಕಳ ಕ್ಲಾಸಿನಲ್ಲಿ ಕೂಡಬೇಕು, ಅವರ ಮೆಸ್ಸಿನಲ್ಲಿ ಉಣ್ಣಬೇಕು, ಅವರು ಕಲಿತದ್ದನ್ನು ಕೇಳಬೇಕು. ಗೂಳಪ್ಪ ಎರಡು ಬಸ್ಸು ಹತ್ತಿದ, ಎರಡು ಬಸ್ಸು ಇಳಿದ, ಗುಡ್ಡ ಏರಿದ. ಹೋದವನೇ ತಂಗಿಯ ಹಿಂದೆ ಹೋಗಿ ನಿಂತ.

ಕಸ್ತೂರಿ ಕ್ಲಾಸಿಗೆ ಹೋದಳು. ಗೂಳಪ್ಪ ಬೆಂಚಿನ ಹಿಂದೆ ನಿಂತ. ಅವನ ಹಿಂದೆ ಕೂತವರಿಗೆ ಬೋರ್ಡು ಕಾಣಲಿಲ್ಲ. ಕಸ್ತೂರಿ ಲೈಬ್ರರಿಗೆ ಹೋದಳು. ಗೂಳಪ್ಪ ಕಪಾಟಿನ ಸಂದಿಯಲ್ಲಿ ಅಡ್ಡಡ್ಡ ನಡೆಯುತ್ತ ಹೋದ. ಕಸ್ತೂರಿ ಮೆಸ್ಸಿನಲ್ಲಿ ಉಣ್ಣಲು ಕೂತಳು. ಗೂಳಪ್ಪ ಹಿಂದೆ ನಿಂತೇ ತಟ್ಟೆ ಹಿಡಿದ. ಸಾರು ತುಳುಕಿ ಅವಳ ಜಡೆಯ ಮೇಲೆ ಬಿತ್ತು.

"ಅಣ್ಣಾ, ಆಕಡೆ ಸರಿಯೋ! ಎಲ್ಲಾರೂ ನೋಡಾಕತ್ಯಾರ!"

"ನೋಡ್ಲಿ ಬಿಡವಾ. ಯಾರ ಏನರ ಅನ್ನಲಿ ಅಂತ ಅವ್ವ ಹೇಳ್ಯಾಳ."

ಮಧ್ಯಾಹ್ನ ಕಸ್ತೂರಿಯ ಸರದಿ. ವೇದಿಕೆಯ ಮೇಲೆ ನಿಂತು, ತಾನು ಕಲಿತ ವೀರಗಲ್ಲಿನ ವಿಷಯ ಪಾಲಕರಿಗೆಲ್ಲ ಹೇಳಬೇಕು. ಹಳೆಯ ಕಾಲದಲ್ಲಿ ಊರಿಗಾಗಿ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸುತ್ತಿದ್ದ ಕಲ್ಲು ಅದು. ಅವಳು ಮೈಕಿನ ಮುಂದೆ ನಿಂತಳು. ಗೂಳಪ್ಪ ಅವಳ ಹಿಂದೆ ನಿಂತ. ಅಲುಗಾಡಲಿಲ್ಲ. ಕಣ್ಣು ಕೂಡ ಮಿಟುಕಿಸಲಿಲ್ಲ.

"ವೀರಗಲ್ಲಿನಾಗ ವೀರನ ಆಕಾರ ಹೆಂಗಿರತೈತಿ ಅಂದ್ರ" ಅಂತ ಕಸ್ತೂರಿ ಶುರು ಮಾಡಿದಳು, "ಅಗಲವಾದ ಭುಜ, ದಪ್ಪ ತೋಳು, ನೆಟ್ಟ ನೋಟ..."

ಮುಂದೆ ಕೂತಿದ್ದ ಒಬ್ಬ ಅಜ್ಜಿ ಗೂಳಪ್ಪನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅಯ್ಯ, ಖರೇನ ಹಂಗ ಐತಲ್ಲವಾ! ಇದನ್ನ ಎಲ್ಲಿಂದ ಎತ್ತಿಕೊಂಡ ಬಂದ್ರಿ?"

"ಸಣ್ಣಕೊಪ್ಪದಿಂದ್ರಿ" ಅಂದ ಗೂಳಪ್ಪ.

"ಅಯ್ಯಯ್ಯ! ಮಾತಾಡತೈತಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಕಸ್ತೂರಿ ಮುಖ ಮುಚ್ಚಿಕೊಂಡಳು. ಹೇಳಬೇಕಾದ ಅರ್ಧ ಮಾತು ಮರೆತೇ ಹೋಯಿತು.

ಈ ಸಲ ನೀಲವ್ವನಿಗೆ ಬೈಯಲೂ ಶಕ್ತಿ ಇರಲಿಲ್ಲ. ಆದರೂ ಬೈದಳು. "ಎಂಥಾ ಮಗನ್ನ ಹಡದೆವ್ವಾ ನಾನು! ಬೆನ್ನಿಗೆ ನಿಲ್ಲು ಅಂದ್ರ ಬೆನ್ನಿಗೆ ಅಂಟಿಕೊಂಡ ನಿಲ್ಲೂದೇನೋ? ಇನ್ನ ಅಕಿ ತಂಟೇಕ ಹೋಗಬ್ಯಾಡ. ಯುನಿವರ್ಸಿಟಿಯವ್ರು ಏನರ ಕೆಲಸಾ ಹಮ್ಮಿಕೊಂಡ್ರ, ಎಲ್ಲಾರ ಕೂಡ ನೀನೂ ಕೈ ಜೋಡಸು. ಅಷ್ಟ ಸಾಕು!"

"ಎಷ್ಟೊತ್ತು ಜೋಡಸಬೇಕವ್ವಾ?"

"ಕೆಲಸಾ ಮುಗಿಯೂಮಟ!"

"ಆತವ್ವಾ, ಹಂಗ ಮಾಡ್ತೀನಿ."

ಮಳೆಗಾಲ ಶುರುವಾದಾಗ ಕಾಗದ ಬಂತು. ಗುಡ್ಡದ ಮೇಲೆ ಪಾಲಕರೂ ಮಕ್ಕಳೂ ಸೇರಿ ಸಾವಿರ ಗಿಡ ನೆಡುವ ಕೆಲಸ. ಗೂಳಪ್ಪ ಎರಡು ಬಸ್ಸು ಹತ್ತಿದ, ಎರಡು ಬಸ್ಸು ಇಳಿದ, ಗುಡ್ಡ ಏರಿದ. ಕಸ್ತೂರಿ ಗೆಳತಿಯರಿಗೆಲ್ಲ ಹೇಳಿದ್ದಳು, "ಇವತ್ತು ನಮ್ಮಣ್ಣನ್ನ ನೋಡ್ರಿ. ನೂರು ಗುಂಡಿ ಒಬ್ಬನ ತೋಡತಾನ!"

ಇಟಗಿ ಮೇಡಂ ಸೀಟಿ ಊದಿದರು. ಎಲ್ಲರೂ ಸಲಿಕೆ, ಗುದ್ದಲಿ, ಹಾರೆ ಹಿಡಿದರು. ಗೂಳಪ್ಪ ಎರಡು ಕೈ ಎತ್ತಿದ, ಎದೆಯ ಮುಂದೆ ತಂದ, ಜೋಡಿಸಿದ. ಜೋಡಿಸಿ ನಿಂತ.

ಕುಲಪತಿಗಳು ಗಿಡ ಹಿಡಿದುಕೊಂಡು ಆ ದಾರಿಯಲ್ಲೇ ಬಂದರು. ಇಷ್ಟು ದೊಡ್ಡ ಆಳು ಕೈ ಮುಗಿದು ನಿಂತಿದ್ದಾನಲ್ಲ ಅಂತ ಗಿಡ ಕೆಳಗಿಟ್ಟು ತಾವೂ ಕೈ ಮುಗಿದರು. ಗೂಳಪ್ಪ ಕೈ ಇಳಿಸಲಿಲ್ಲ. ಅವನು ಇಳಿಸದೆ ತಾವು ಹೇಗೆ ಇಳಿಸುವುದು ಅಂತ ಕುಲಪತಿಗಳೂ ಇಳಿಸಲಿಲ್ಲ. ಕುಲಪತಿಗಳೇ ನಿಂತಿದ್ದಾರಲ್ಲ ಅಂತ ಹಿಂದೆ ಬಂದವರೂ ಕೈ ಮುಗಿದು ನಿಂತರು. ಸ್ವಲ್ಪ ಹೊತ್ತಿಗೆ ಹದಿನೇಳು ಮಂದಿ ಸಾಲಾಗಿ ನಿಂತಿದ್ದಾರೆ, ಗಿಡಗಳೆಲ್ಲ ನೆಲದ ಮೇಲೆ ಬಿದ್ದಿವೆ!

ಇಟಗಿ ಮೇಡಂ ಓಡಿ ಬಂದರು. "ಏನ್ರಿ ಗೂಳಪ್ಪ, ಸಲಿಕಿ ಹಿಡೀರಿ!"

"ಕೈ ಖಾಲಿ ಇಲ್ಲರಿ ಮೇಡಂ."

"ಕೈಯಾಗ ಏನೂ ಇಲ್ಲಲ್ಲ!"

"ಜೋಡಿಸೇನ್ರಿ. ಕೆಲಸಾ ಮುಗಿಯೂಮಟ ಬಿಡಂಗಿಲ್ಲ."

ಬಿಡಲಿಲ್ಲ! ಉಪ್ಪಿಟ್ಟು ಬಂದಾಗ, ಅವನ ಕೈ ನೋಡಿ ಕನಿಕರಪಟ್ಟ ಒಬ್ಬ ಪಾಲಕಿ ಚಮಚದಲ್ಲಿ ಬಾಯಿಗೆ ಹಾಕಿದಳು. ನೂರು ಗುಂಡಿ ತೋಡಬೇಕಾದ ಗೂಳಪ್ಪ ಒಂದು ಗುಂಡಿಯನ್ನೂ ತೋಡಲಿಲ್ಲ. ತೋಡುವವರನ್ನೂ ನಿಲ್ಲಿಸಿದ. ಸಾವಿರದಲ್ಲಿ ಮುನ್ನೂರು ಗಿಡ ಉಳಿದೇ ಹೋದವು.

"ಎಂಥಾ ಮಗನ್ನ ಹಡದೆವ್ವಾ ನಾನು!" ನೀಲವ್ವ ಹೊಸ್ತಿಲ ಮೇಲೆ ಕೂತೇ ಬಿಟ್ಟಳು. "ಇನ್ನ ನಮ್ಮನ್ನ ಆ ಗುಡ್ಡಾ ಹತ್ತಾಕ ಬಿಡತಾರೇನೋ? ಆ ಹುಡುಗಿ ಗತಿ ಏನೋ? ನಡಿ, ಬಣಕಾರ ಮಾಸ್ತರ ಕಡೆ ಒಂದು ಕ್ಷಮಾಪಣಿ ಪತ್ರಾ ಬರಸು. ಅದನ್ನ ಮೇಡಮ್ಮಾರ ಕೈಯಾಗ ಕೊಟ್ಟು, ನನ್ನ ತಪ್ಪು ಹೊಟ್ಟಿಗೆ ಹಾಕ್ಕೊಳ್ರಿ ಅನ್ನು. ಅವರು ಹಾಕ್ಕೊಳ್ಳೂಮಟ ಬರಬ್ಯಾಡ!"

"ಆತವ್ವಾ, ಹಂಗ ಮಾಡ್ತೀನಿ."

ಬಣಕಾರ ಮಾಸ್ತರರು ಹಳೆಯ ಕಾಲದವರು. ಮುಖ ತೋರಿಸಿದ್ದರಿಂದ ಹಿಡಿದು ಕೈ ಜೋಡಿಸಿದ್ದರ ತನಕ ಎಲ್ಲ ತಪ್ಪನ್ನೂ ಎರಡು ಹಾಳೆ ತುಂಬ ಬರೆದುಕೊಟ್ಟರು. ನೀಲವ್ವ ಮೇಡಮ್ಮಿಗೆ ಅಂತ ಹತ್ತು ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟಳು. ಗೂಳಪ್ಪ ಎರಡು ಬಸ್ಸು ಹತ್ತಿದ, ಎರಡು ಬಸ್ಸು ಇಳಿದ, ಗುಡ್ಡ ಏರಿದ.

"ಮೇಡಂ, ಇದರಾಗ ನನ್ನ ತಪ್ಪೆಲ್ಲಾ ಐತ್ರಿ. ಹೊಟ್ಟಿಗೆ ಹಾಕ್ಕೊಳ್ರಿ."

ಇಟಗಿ ಮೇಡಂ ಓದಿ, ನಕ್ಕು, "ಆತ್ರಿ, ಇರಲಿ" ಅಂತ ಪತ್ರ ಮಡಚಿ ಮೇಜಿನ ಮೇಲಿಟ್ಟರು.

ಗೂಳಪ್ಪ ಮೇಜು ನೋಡಿದ. "ಅಲ್ಲಿ ಇಟ್ರ ಆಗಂಗಿಲ್ಲರಿ. ಹೊಟ್ಟಿಗೆ ಹಾಕ್ಕೋಬೇಕು."

"ಹಾಕ್ಕೊಂಡೆ ಬಿಡ್ರಿ!"

"ಇಲ್ಲೇ ಐತಲ್ಲರಿ! ಒಣಾದು ಇಳಿಯಂಗಿಲ್ಲ ಅಂತೇನ್ರಿ? ತಡೀರಿ."

ಗಂಟು ಬಿಚ್ಚಿದ. ಒಂದು ರೊಟ್ಟಿ ತೆಗೆದ. ಶೇಂಗಾ ಚಟ್ನಿ ಹರಡಿದ. ಮೇಲೆ ಎರಡು ಹಾಳೆ ಪತ್ರ ಹಾಸಿದ. ಅದರ ಮೇಲೆ ಗುರೆಳ್ಳು ಚಟ್ನಿ ಹಚ್ಚಿ ಸುರುಳಿ ಸುತ್ತಿ, ಎರಡು ಕೈಯಿಂದ ಮುಂದೆ ಹಿಡಿದ. "ಈಗ ಹಾಕ್ಕೊಳ್ರಿ ಮೇಡಂ. ನೀವು ಹಾಕ್ಕೊಳ್ಳೂಮಟ ಮನೀಗೆ ಬರಬ್ಯಾಡ ಅಂದಾಳ ಅವ್ವ."

ಇಟಗಿ ಮೇಡಂ ಮೇಜಿನ ಮೇಲೆ ತಲೆ ಇಟ್ಟು ನಕ್ಕರು. ಪಕ್ಕದ ಕೋಣೆಯ ಗುಮಾಸ್ತರು ಎದ್ದು ಬಂದು ನೋಡುವಷ್ಟು ನಕ್ಕರು. ಕೊನೆಗೆ ಕಣ್ಣೊರೆಸಿಕೊಂಡು, ಪತ್ರ ಒಂದು ಕಡೆಗೆ ಸರಿಸಿ, ರೊಟ್ಟಿಯ ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನಗು ನಿಂತಿತು. ಇನ್ನೊಂದು ಚೂರು ಮುರಿದರು.

"ಇದನ್ನ ಯಾರು ಮಾಡಿದ್ರು?"

"ನಮ್ಮವ್ವ ರೀ."

"ಮತ್ತ ನಿಮ್ಮವ್ವ ಒಂದ ಸಲಾನೂ ಇಲ್ಲಿ ಬಂದಿಲ್ಲಲ್ಲ? ನೋಡ್ರಿ, ಬರೂ ತಿಂಗಳ ಪಾಲಕರ ದಿನಾ. ಈ ಸಲ ಪಾಲಕರು ಬರೇ ಕೇಳಾಕ ಬರೂದಲ್ಲ, ಕಲಸಾಕ ಬರೂದು. ಒಬ್ರು ಮಗ್ಗಾ ನೇಯ್ದು ತೋರಸ್ತಾರ, ಒಬ್ರು ಗಡಿಗಿ ಮಾಡಿ ತೋರಸ್ತಾರ. ನಿಮ್ಮವ್ವ ರೊಟ್ಟಿ ಬಡಿಯೂದು ಕಲಸಬೇಕು. ಕರಕೊಂಡ ಬರ್ರಿ!"

ಮನೆಗೆ ಬಂದು ಹೇಳಿದಾಗ ನೀಲವ್ವ ಪತ್ರದ ಸುದ್ದಿಗೆ ಬೈಯಲು ಬಾಯಿ ತೆಗೆದವಳು, ಕರೆಯ ಸುದ್ದಿ ಕೇಳಿ ಬಾಯಿ ಮುಚ್ಚಿದಳು. ಒಲೆಯ ಬೂದಿ ಕೆದರತೊಡಗಿದಳು.

"ಐನೂರು ರೊಟ್ಟಿ ಅದಾವೇನವ್ವಾ ಆವತ್ತೂ?" ಅಂತ ಕೇಳಿದ ಗೂಳಪ್ಪ.

"ರೊಟ್ಟಿ ಅಲ್ಲೋ" ಅಂದಳು ನೀಲವ್ವ. "ರೊಟ್ಟಿ ಯಾವತ್ತೂ ಇದ್ದದ್ದ. ನನಗ ಅಂಜಿಕಿ. ಸಹಿ ಮಾಡಾಕ ಬರದಾಕಿ ನಾನು. ಅಷ್ಟು ಓದಿದವ್ರ ಮುಂದ ಏನಂತ ನಿಂದರ್ಲಿ? ಅದಕ್ಕ ನಿನ್ನ ಕಳಿಸಿ ಕಳಿಸಿ ಇಷ್ಟೆಲ್ಲಾ ಆತು."

ಗೂಳಪ್ಪ ತಲೆ ಕೆರೆದುಕೊಂಡ. "ಅವ್ರು ಸಹಿ ಮಾಡೂದು ಕಲಸು ಅಂದಿಲ್ಲಲ್ಲವ್ವಾ. ರೊಟ್ಟಿ ಬಡಿಯೂದು ಕಲಸು ಅಂದಾರ."

ನೀಲವ್ವ ಮಗನ ಮುಖ ನೋಡಿದಳು. ಈ ಸಲ ಬೈಯದೆ ಎದ್ದು ಜೋಳದ ಹಿಟ್ಟು ಜರಡಿ ಹಿಡಿಯತೊಡಗಿದಳು.

ಹೊರಡುವ ದಿನ ಇಳಕಲ್ಲ ಸೀರೆ ಉಟ್ಟಳು. ಹಿಟ್ಟು ನಾದುವ ಕೊಣಮಿಗೆ, ಹಂಚು, ಹಿಟ್ಟು ಕಟ್ಟಿಕೊಂಡಳು. ಬಸ್ಸಿನಲ್ಲಿ ಕೂತು ಮಗನ ಕೈ ಹಿಡಿದು, "ಗೂಳ್ಯಾ, ಇವತ್ತು ನೀ ಏನೂ ಮಾಡಬ್ಯಾಡ. ನನ್ನ ಮಾತು ಕೇಳಿ ಮಂದಿ ಗದ್ದಲಾ ಎಬ್ಬಸಬಹುದು. ನೀ ಯಾರ ಮ್ಯಾಲೂ ಏರಿ ಹೋಗಬ್ಯಾಡ. ಗದ್ದಲಾ ಶುರು ಆತಂದ್ರ, ತುಟಿ ಪಿಟಕ್ಕನ್ನದ ಜಾಗಾ ಖಾಲಿ ಮಾಡು!" ಅಂದಳು.

"ಪೂರ್ತಿ ಖಾಲಿ ಮಾಡ್ಲ್ಯಾ?"

"ಪೂರ್ತಿ!"

"ಆತವ್ವಾ, ಹಂಗ ಮಾಡ್ತೀನಿ."

ಯುನಿವರ್ಸಿಟಿಯ ದೊಡ್ಡ ಸಭಾಂಗಣ. ಒಳಗೆ ಆರುನೂರು ಕುರ್ಚಿ, ಎಲ್ಲ ತುಂಬಿವೆ. ಜಾಗ ಸಿಗದವರು ಹೊರಗೆ ಕಿಟಕಿಗೆ ಜೋತುಬಿದ್ದಿದ್ದಾರೆ. ವೇದಿಕೆಯ ಮೇಲೆ ಕುಲಪತಿಗಳು, ಮುಂಡರಗಿ ಸರ್, ಇಟಗಿ ಮೇಡಂ. ನಡುವೆ ಗ್ಯಾಸಿನ ಒಲೆ, ಒಲೆಯ ಮುಂದೆ ಸಣ್ಣ ಮಣೆಯ ಮೇಲೆ ನೀಲವ್ವ. ಗೂಳಪ್ಪ ಮೂಲೆಯಲ್ಲಿ ನಿಂತು ಕಿವಿ ನಿಮಿರಿಸಿಕೊಂಡಿದ್ದಾನೆ.

ಮೊದಲಿಗೆ ನೀಲವ್ವ ಸೆರಗು ಸರಿ ಮಾಡಿಕೊಳ್ಳುತ್ತಲೇ ಕೂತಳು. ಹಿಟ್ಟು ಕೈಗೆ ಬಂದದ್ದೇ ತಡ, ಅಂಜಿಕೆ ಎಲ್ಲಿಗೋ ಹೋಯಿತು. ನಾದಿದಳು, ಉಂಡೆ ಕಟ್ಟಿದಳು, ಬಡಿದಳು. ಪಟ ಪಟ ಪಟ! ರೊಟ್ಟಿ ತಿರುಗುತ್ತ ತಿರುಗುತ್ತ ಚಂದ್ರನ ಹಾಗೆ ಅಗಲವಾಯಿತು. ಹಂಚಿಗೆ ಬಿತ್ತು, ನೀರು ಸವರಿದಳು, ತಿರುವಿದಳು, ಉಬ್ಬಿತು! ಆರುನೂರು ಮಂದಿ ಉಸಿರು ಹಿಡಿದು ನೋಡಿದರು. "ನೀರು ಕುದ್ದದ್ದ ಇರಬೇಕು, ತಣ್ಣೀರು ಹಾಕಿದ್ರ ಹರೀತೈತಿ" ಅಂತ ಒಂದೊಂದೇ ಗುಟ್ಟು ಹೇಳಿದಳು. ಮುಂದಿನ ಸಾಲಿನ ಹುಡುಗಿಯರು ಬರೆದುಕೊಂಡರು. ನೀಲವ್ವ ಹೇಳಿದ್ದನ್ನು ಎಂ.ಎ. ಓದುವವರು ಬರೆದುಕೊಂಡರು!

ಆಗ ಮುಂಡರಗಿ ಸರ್ ಎದ್ದು ನಿಂತು, "ಅವ್ವಾರ, ಒಂದು ಮಾತು ಕೇಳಲೇನ್ರಿ? ಕಸ್ತೂರೀನ ಮುಂದ ಓದಸ್ತೀರೇನ್ರಿ?" ಅಂದರು.

ನೀಲವ್ವ ಮಗಳನ್ನು ಹುಡುಕಿದಳು. ಮೂರನೆಯ ಸಾಲಿನಲ್ಲಿ ಕಸ್ತೂರಿ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಾಳೆ.

"ಅಕಿಗೆ ಎಲ್ಲಿಮಟ ದಾರಿ ಕಾಣತೈತೋ ಅಲ್ಲಿಮಟ ಓದ್ಲಿರಿ ಸರ" ಅಂದಳು ನೀಲವ್ವ. "ಲಗ್ನದ ಚಿಂತಿ ಅಕಿಗೇ ಬಿಟ್ಟೀನಿ. ನನ್ನ ರಟ್ಟಿ ಗಟ್ಟಿ ಐತಿ. ಅಕಿ ಓದೂಮಟ ನಾ ಬಡೀತೀನಿ."

ಆಮೇಲೆ ನೋಡಿ! ಆರುನೂರು ಮಂದಿ ಎದ್ದು ಚಪ್ಪಾಳೆ ಹೊಡೆದರು. ಹುಡುಗರು ಸಿಳ್ಳೆ ಹಾಕಿದರು. ಕಿಟಕಿಗೆ ಜೋತವರು ಕಿಟಕಿ ಬಡಿದರು. ಕಸ್ತೂರಿ ಅಳುತ್ತ ನಗುತ್ತ ವೇದಿಕೆಗೆ ಓಡಿದಳು. ಮಾಡು ಹಾರಿಹೋಗುವಂಥ ಸದ್ದು!

ಮೂಲೆಯಲ್ಲಿದ್ದ ಗೂಳಪ್ಪ ಸೆಟೆದು ನಿಂತ. 'ಗದ್ದಲಾ!' ಅಂದುಕೊಂಡ. ತೋಳು ಮಡಚಿದ.

ಎದ್ದು ನಿಂತವರ ಹಿಂದಿನಿಂದ ಕುರ್ಚಿ ಎಳೆದ. ಹತ್ತು ಕುರ್ಚಿ ಈ ಹೆಗಲಿಗೆ, ಹತ್ತು ಕುರ್ಚಿ ಆ ಹೆಗಲಿಗೆ. ಹೊರಗೆ ಒಯ್ದು ಬಯಲಲ್ಲಿಟ್ಟ. ಮತ್ತೆ ಬಂದ, ಮತ್ತೆ ಇಪ್ಪತ್ತು. ಕೂಡಲು ಹೋದವರು ದೊಪ್ಪನೆ ನೆಲಕ್ಕೆ ಕೂತರು. "ಏ! ಏ! ಏನಿದು?" ಅಂದರು. ಗೂಳಪ್ಪ ತುಟಿ ಪಿಟಕ್ಕನ್ನಲಿಲ್ಲ. ಗದ್ದಲ ಹೆಚ್ಚಾದಷ್ಟೂ ಬೇಗ ಬೇಗ ಹೊತ್ತ. ಕುಂಡ ಒಯ್ದ. ಮೈಕು ಒಯ್ದ. ಬ್ಯಾನರು ಬಿಚ್ಚಿ ಮಡಚಿ ಒಯ್ದ. ಕುಲಪತಿಗಳು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಗೂಳಪ್ಪ ಕುಲಪತಿಗಳ ಸಮೇತ ಕುರ್ಚಿ ಎತ್ತಿ, ಬಯಲಿನ ಬೇವಿನ ಮರದ ಕೆಳಗೆ ಮೆತ್ತಗೆ ಇಳಿಸಿದ. ಬಂದು ಒಲೆ ಆರಿಸಿ ಒಯ್ದ. ಕೊನೆಗೆ ಮಣೆಯ ಸಮೇತ ಅವ್ವನನ್ನೂ ಎತ್ತಿದ.

"ಗೂಳ್ಯಾ! ಇಳಸೋ! ಏನ ಮಾಡಾಕತ್ತೀಯೋ?"

ಗೂಳಪ್ಪ ಮಾತಾಡಲಿಲ್ಲ. ಅವ್ವನ ಆಣತಿ ಹಾಗಿತ್ತು.

ಒಳಗಿದ್ದವರಿಗೆ ಒಳಗೆ ಇನ್ನೇನು ಕೆಲಸ? ಎಲ್ಲರೂ ನಗುತ್ತ ನಗುತ್ತ ಬಯಲಿಗೆ ಬಂದರು. ಜಾಗ ಸಿಗದೆ ಕಿಟಕಿಯಲ್ಲಿ ನೇತಾಡಿದವರಿಗೂ ಕುರ್ಚಿ ಸಿಕ್ಕಿತು. ಇಟಗಿ ಮೇಡಂ ಒಲೆ ಹೊತ್ತಿಸಿದರು. ಕುಲಪತಿಗಳು ಕೂತಲ್ಲಿಂದಲೇ, "ಅವ್ವಾರ, ಇನ್ನೊಂದು ರೊಟ್ಟಿ ಬಡೀರಿ, ಇಲ್ಲೇ ಗಾಳಿ ಚಲೋ ಐತಿ" ಅಂದರು. ಬೇವಿನ ಮರದ ಕೆಳಗೆ ಪಟ ಪಟ ಶುರುವಾಯಿತು. ಕಸ್ತೂರಿ ಅವ್ವನ ಪಕ್ಕ ಕೂತು ಹಿಟ್ಟು ನಾದಿಕೊಟ್ಟಳು. ಮಂದಿ ಸಾಲು ಹಚ್ಚಿ ಬಿಸಿ ರೊಟ್ಟಿ ತಿಂದರು.

ಅರ್ಧ ತಾಸಾಯಿತು. ನೀಲವ್ವ ತಲೆ ಎತ್ತಿ, "ನಮ್ಮ ಗೂಳ್ಯಾ ಎಲ್ಲಿ? ಒಂದು ರೊಟ್ಟಿನೂ ತಿಂದಿಲ್ಲ ಅವ" ಅಂದಳು.

ಎಲ್ಲರೂ ಸಭಾಂಗಣದ ಕಡೆ ತಿರುಗಿದರು. ಖಾಲಿ ಸಭಾಂಗಣದ ಬಾಗಿಲಲ್ಲಿ ಗೂಳಪ್ಪ ಬೆವರೊರೆಸಿಕೊಳ್ಳುತ್ತ ನಿಂತಿದ್ದ. ಪಕ್ಕದ ಗೋಡೆಗೆ ಕಿಟಕಿಯ ಬಾಗಿಲು ಹನ್ನೆರಡು, ಫ್ಯಾನು ಎಂಟು, ಕರಿಹಲಗೆ ಒಂದು ಒರಗಿಸಿಟ್ಟಿದ್ದ.

"ಎಲ್ಲಾ ಖಾಲಿ ಆತವ್ವಾ!" ಅಂತ ಅಲ್ಲಿ ನಿಂತೇ ಕೂಗಿದ. "ನಾಕು ಗ್ವಾಡಿ ಅಷ್ಟ ಉಳದಾವು. ಮೇಡಂ, ನಿಮ್ಮ ಕಡೆ ಒಂದು ದೊಡ್ಡ ಹಾರಿ ಐತೇನ್ರಿ?"